ಹಾಡಿನ ವಿವರ ಹಾಡಿನ ಫೈಲಿನೊಳಗೇ ಇರಲಿ

ಎಲ್ಲರಿಗೂ ನಮಸ್ಕಾರ. ಒಂದು ಪ್ರಶ್ನೆಯಿಂದ ಶುರು ಮಾಡೋಣ. ನಿಮ್ಮ ಕಂಪ್ಯೂಟರಿನಲ್ಲಿ ‘ಟ್ರ್ಯಾಕ್ 01’ ಅನ್ನುವ ಹೆಸರಿನ ಫೈಲ್ ಎಷ್ಟು ಜನರ ಹತ್ತಿರ ಇದೆ? ಕೈ ಎತ್ತಿ ನೋಡೋಣ. ಪರವಾಗಿಲ್ಲ, ಸುಮಾರು ಜನ ಇದ್ದೀರಿ. ಕೈ ಎತ್ತದವರು ಆ ಫೋಲ್ಡರ್ ತೆರೆದು ಬಹಳ ದಿನ ಆಗಿರಬೇಕು ಅಷ್ಟೇ.

ಈ ‘ಟ್ರ್ಯಾಕ್ 01’ ನಿಮ್ಮ ತಪ್ಪಲ್ಲ. 1982ರಲ್ಲಿ ಆಡಿಯೋ ಸಿಡಿ ಮಾರುಕಟ್ಟೆಗೆ ಬಂದಾಗ ಅದರೊಳಗೆ ಹಾಡಿನ ಹೆಸರು ಬರೆಯುವ ಏರ್ಪಾಡೇ ಇರಲಿಲ್ಲ. ಎಷ್ಟು ಟ್ರ್ಯಾಕ್ ಇವೆ, ಯಾವುದು ಎಲ್ಲಿ ಶುರುವಾಗುತ್ತದೆ ಎನ್ನುವ ಪಟ್ಟಿ ಇತ್ತು. ಹೆಸರುಗಳು ಡಬ್ಬಿಯ ಕಾಗದದ ಮೇಲೆ ಇದ್ದವು. ಆಮೇಲೆ ಸಿಡಿ-ಟೆಕ್ಸ್ಟ್ ಅಂತ ಒಂದು ಬಂತು, ಆದರೆ ಅದನ್ನು ತುಂಬಿದ ಕಂಪನಿಗಳು ಕಡಿಮೆ.

1993ರಲ್ಲಿ ಟಿ ಕಾನ್ ಮತ್ತು ಸ್ಟೀವ್ ಶೆರ್ಫ್ ಎಂಬಿಬ್ಬರು ಇದಕ್ಕೊಂದು ಜಾಣ ಉಪಾಯ ಹುಡುಕಿದರು. ಪ್ರತಿ ಸಿಡಿಯಲ್ಲೂ ಟ್ರ್ಯಾಕ್‌ಗಳ ಸಂಖ್ಯೆ ಮತ್ತು ಅವು ಶುರುವಾಗುವ ಸಮಯ ಬೇರೆ ಬೇರೆ ಇರುತ್ತದೆ. ಅದನ್ನೇ ಸಿಡಿಯ ಗುರುತಾಗಿ ಇಟ್ಟುಕೊಂಡರೆ ಆಯಿತು. ಯಾರೋ ಒಬ್ಬರು ಹೆಸರುಗಳನ್ನು ಟೈಪ್ ಮಾಡಿ ಕಳಿಸುತ್ತಾರೆ, ಅದೇ ಸಿಡಿ ಹಾಕಿದ ಉಳಿದವರಿಗೆಲ್ಲ ಆ ಹೆಸರು ಸಿಗುತ್ತದೆ. ಇದೇ ಸಿಡಿಡಿಬಿ. ಮುಂದೆ ಅದು ಗ್ರೇಸ್‌ನೋಟ್ ಎಂಬ ಕಂಪನಿಯಾಯಿತು. ಜನ ಪುಕ್ಕಟೆ ಟೈಪ್ ಮಾಡಿಕೊಟ್ಟ ಮಾಹಿತಿ ಒಂದು ಕಂಪನಿಯ ಆಸ್ತಿಯಾದದ್ದು ಹಲವರಿಗೆ ಹಿಡಿಸಲಿಲ್ಲ. ಹಾಗಾಗಿ ಎಲ್ಲರಿಗೂ ಮುಕ್ತವಾದ ಫ್ರೀಡಿಬಿ ಎಂಬ ಡೇಟಾಬೇಸ್ ಬಂತು. 2000ದಲ್ಲಿ ರಾಬರ್ಟ್ ಕೇ ಮ್ಯೂಸಿಕ್‌ಬ್ರೇನ್ಜ್ ಎಂಬ ಇನ್ನೊಂದು ಮುಕ್ತ ಡೇಟಾಬೇಸ್ ಶುರು ಮಾಡಿದರು. ಫ್ರೀಡಿಬಿ 2020ರಲ್ಲಿ ಮುಚ್ಚಿತು. ಮ್ಯೂಸಿಕ್‌ಬ್ರೇನ್ಜ್ ಇವತ್ತಿಗೂ ನಡೆಯುತ್ತಿದೆ.

ಈ ಕಥೆ ಯಾಕೆ ಹೇಳಿದೆ ಅಂದರೆ, ನಿಮ್ಮ ಫೈಲುಗಳಲ್ಲಿ ಕಾಣುವ ಅರ್ಧ ತಪ್ಪುಗಳು ಹೀಗೆ ಬಂದವು. ಯಾರೋ ಅವಸರದಲ್ಲಿ ಟೈಪ್ ಮಾಡಿದ್ದು, ಎಲ್ಲ ದೊಡ್ಡಕ್ಷರದಲ್ಲಿ ಬರೆದದ್ದು, ಹಾಡುಗಾರರ ಹೆಸರಿನ ಜಾಗದಲ್ಲಿ ಆಲ್ಬಮ್ ಹೆಸರು ಹಾಕಿದ್ದು, ಎಲ್ಲವೂ ಸಾವಿರಾರು ಜನರ ಕಂಪ್ಯೂಟರಿಗೆ ಇಳಿದವು. ಅವು ಈಗಲೂ ಅಲ್ಲೇ ಇವೆ.

ಇವತ್ತು ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಒಂದೇ ಮಾತು. ಹಾಡಿನ ಬಗ್ಗೆ ನೀವು ಬರೆದಿಡುವ ಏನೇ ಇದ್ದರೂ ಅದು ಫೈಲಿನೊಳಗೆ ಇರಬೇಕು. ಪ್ಲೇಯರಿನ ಹೊಟ್ಟೆಯಲ್ಲಿ ಇರಬಾರದು. ಉಳಿದದ್ದೆಲ್ಲ ಇದರ ಸುತ್ತ ಬರುವ ವಿವರ.

ಮೊದಲು, ಫೈಲಿನೊಳಗೆ ಅಂದರೆ ಎಲ್ಲಿ? ಎಂಪಿ3 ಫೈಲಿನಲ್ಲಿ ಶಬ್ದ ಬಿಟ್ಟು ಬೇರೇನೂ ಇರಲಿಲ್ಲ. 1996ರಲ್ಲಿ ಎರಿಕ್ ಕೆಂಪ್ ಎಂಬವರು ಫೈಲಿನ ಕೊನೆಗೆ 128 ಬೈಟ್ ಅಂಟಿಸುವ ಪದ್ಧತಿ ತಂದರು. ಅದೇ ಐಡಿ3 ಎಂಬ ಟ್ಯಾಗ್ ಪದ್ಧತಿಯ ಮೊದಲ ಆವೃತ್ತಿ. ಟ್ಯಾಗ್ ಅಂದರೆ ಫೈಲಿನೊಳಗೇ ಬರೆದಿಟ್ಟ ಹಾಡಿನ ವಿವರ. ಮೊದಲ 3 ಬೈಟ್‌ನಲ್ಲಿ ‘ಟ್ಯಾಗ್’ ಎಂಬ ಮೂರು ರೋಮನ್ ಅಕ್ಷರ. ಹಾಡಿಗೆ 30, ಕಲಾವಿದರಿಗೆ 30, ಆಲ್ಬಮಿಗೆ 30, ವರ್ಷಕ್ಕೆ 4, ಟಿಪ್ಪಣಿಗೆ 30, ಸಂಗೀತ ಯಾವ ಬಗೆ ಅಂತ ಬರೆಯಲು 1. ಕೂಡಿಸಿ ನೋಡಿ, ಸರಿಯಾಗಿ 128. ಫೈಲಿನ ಕೊನೆಯಲ್ಲೇ ಯಾಕೆ? ಟ್ಯಾಗ್ ಅಂದರೆ ಏನೆಂದು ಗೊತ್ತಿಲ್ಲದ ಹಳೆಯ ಪ್ಲೇಯರ್‌ಗಳು ಹಾಡನ್ನು ನುಡಿಸಿ ಮುಗಿಸಿದ ಮೇಲೆ ಈ ಚೂರು ಎದುರಾದರೆ ತೊಂದರೆ ಕಡಿಮೆ ಅಂತ. ಟ್ರ್ಯಾಕ್ ಸಂಖ್ಯೆಗೆ ಜಾಗ ಇಡುವುದು ಮರೆತಿದ್ದರು. ಮರುವರ್ಷ ಟಿಪ್ಪಣಿಯ ಕೊನೆಯ 2 ಬೈಟ್ ಕಿತ್ತುಕೊಂಡು ಅದನ್ನು ಸೇರಿಸಿದರು.

30 ಬೈಟ್ ಅಂದರೆ ಇಂಗ್ಲಿಷಿನ 30 ಅಕ್ಷರ. ಎಲ್ಲ ಲಿಪಿಗಳಿಗೂ ಸಂಕೇತ ಕೊಡುವ ಪದ್ಧತಿ ಯೂನಿಕೋಡ್, ಅದನ್ನು ಬೈಟ್‌ಗಳಾಗಿ ಬರೆಯುವ ಒಂದು ಬಗೆ ಯುಟಿಎಫ್-8. ಅದರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. ಅಲ್ಲಿಗೆ 10 ಸಂಕೇತ. ಅದರಲ್ಲೂ ಒತ್ತು, ಗುಣಿತದ ಚಿಹ್ನೆಗಳು ಬೇರೆ ಬೇರೆ ಎಣಿಕೆಯಾಗುತ್ತವೆ. ಒತ್ತಕ್ಷರ ಜಾಸ್ತಿ ಇದ್ದರೆ ಮೂರು ನಾಲ್ಕು ಅಕ್ಷರಕ್ಕೇ ಜಾಗ ಖಾಲಿ. ಈ ಆವೃತ್ತಿ ಮಾಡಿದವರ ತಲೆಯಲ್ಲಿ ನಮ್ಮ ಲಿಪಿ ಇರಲಿಲ್ಲ ಎನ್ನುವುದು ಸ್ಪಷ್ಟ.

ಇನ್ನೊಂದು ತಮಾಷೆ ಇದೆ. ಸಂಗೀತ ಯಾವ ಬಗೆ ಅಂತ ಬರೆಯಲು ಒಂದೇ ಬೈಟ್ ಇತ್ತಲ್ಲ, ಅಲ್ಲಿ ಹೆಸರು ಬರೆಯುವಂತಿಲ್ಲ, ಸಂಖ್ಯೆ ಬರೆಯಬೇಕು. 17 ಅಂದರೆ ರಾಕ್, 32 ಅಂದರೆ ಕ್ಲಾಸಿಕಲ್. ಮೊದಲ ಪಟ್ಟಿಯಲ್ಲಿ ಇದ್ದದ್ದೇ 80 ಬಗೆ. ಎಣಿಕೆ ಸೊನ್ನೆಯಿಂದ ಶುರು, ಸೊನ್ನೆ ಅಂದರೆ ಬ್ಲೂಸ್. ಯಾವುದಾದರೂ ಸಾಫ್ಟ್‌ವೇರ್ ಆ ಜಾಗವನ್ನು ತುಂಬದೆ ಸೊನ್ನೆ ಬಿಟ್ಟರೆ ಏನಾಗುತ್ತದೆ? ಭಜನೆಯೂ ಬ್ಲೂಸ್, ಭಾಷಣವೂ ಬ್ಲೂಸ್. ನಿಮ್ಮ ಹಳೆಯ ಎಂಪಿ3ಗಳಲ್ಲಿ ಬ್ಲೂಸ್ ಅಂತ ಹುಡುಕಿ ನೋಡಿ. ಸಂಬಂಧವೇ ಇಲ್ಲದ ಹಾಡು ಸಿಕ್ಕಿದರೆ ಕಾರಣ ಇದೇ ಇರಬಹುದು.

1998ರಲ್ಲಿ ಐಡಿ3ರ ಎರಡನೇ ಆವೃತ್ತಿ ಬಂತು. ಹೆಸರು ಮಾತ್ರ ಅದೇ, ವಿನ್ಯಾಸ ಪೂರ್ತಿ ಬೇರೆ. ಇದು ಫೈಲಿನ ಮೊದಲಲ್ಲೇ ಕೂರುತ್ತದೆ. ಬೇಕಾದಷ್ಟು ಉದ್ದ ಬರೆಯಬಹುದು. ಚಿತ್ರ, ಸಾಹಿತ್ಯ, ಸಂಗೀತ ಸಂಯೋಜಕರ ಹೆಸರು, ಏನು ಬೇಕಾದರೂ ಇಡಬಹುದು. ಇಡೀ ಟ್ಯಾಗ್ 256 ಎಂಬಿ ತನಕ ಬೆಳೆಯಬಹುದು, ಅಂದರೆ ಹಾಡಿಗಿಂತ ಟ್ಯಾಗೇ ದೊಡ್ಡದಾಗಬಹುದು. 2.3 ಮತ್ತು 2.4 ಎಂಬ ಎರಡು ಉಪ ಆವೃತ್ತಿಗಳು ಇವತ್ತು ಬಳಕೆಯಲ್ಲಿವೆ. 2.3ರಲ್ಲಿ ಯೂನಿಕೋಡ್ ಬೇಕೆಂದರೆ ಯುಟಿಎಫ್-16 ಎಂಬ ಇನ್ನೊಂದು ಬಗೆ. 2000ದಲ್ಲಿ ಬಂದ 2.4ರಲ್ಲಿ ಯುಟಿಎಫ್-8 ಕೂಡ ಇದೆ. ಯಾವುದನ್ನು ಬಳಸಬೇಕು ಅಂತ ಕೇಳುತ್ತೀರಿ. ಹಳೆಯ ಉಪಕರಣಗಳಲ್ಲೂ ಓದಬೇಕೆಂದಿದ್ದರೆ 2.3. ಅಂಥದ್ದೇನೂ ಇಲ್ಲದಿದ್ದರೆ ಯಾವುದಾದರೂ ಸರಿ, ಆದರೆ ಎಲ್ಲ ಫೈಲಿಗೂ ಒಂದೇ ಇರಲಿ.

ಎಂಪಿ3ಯ ಹಾಗೇ ಹಾಡು ಇಡುವ ಬೇರೆ ಬಗೆಗಳಾದ ಫ್ಲ್ಯಾಕ್, ಓಗ್, ಓಪಸ್ ಫೈಲುಗಳಲ್ಲಿ ಇರುವುದು ವೋರ್ಬಿಸ್ ಕಾಮೆಂಟ್ ಎಂಬ ಪದ್ಧತಿ. ಇದು ನನಗೆ ಬಹಳ ಇಷ್ಟ. ಎಡಗಡೆ ಫೀಲ್ಡಿನ (ಒಂದು ವಿವರ ತುಂಬುವ ಜಾಗದ) ಹೆಸರು, ನಡುವೆ ಸಮ ಚಿಹ್ನೆ, ಬಲಗಡೆ ವಿವರ. ಎಲ್ಲವೂ ಯುಟಿಎಫ್-8. ಕನ್ನಡಕ್ಕೆ ಏನೂ ಅಡ್ಡಿಯಿಲ್ಲ. ಫೀಲ್ಡುಗಳಿಗೆ ಹೆಸರು ನೀವೇ ಕೊಡಬಹುದು. ‘ರಾಗ’ ಅಂತ ಒಂದು ಫೀಲ್ಡ್ ಬೇಕೆಂದರೆ ಯಾರನ್ನೂ ಕೇಳಬೇಕಾಗಿಲ್ಲ. ಒಂದು ನಿಯಮ ಮಾತ್ರ ಇದೆ, ಫೀಲ್ಡಿನ ಹೆಸರು ರೋಮನ್ ಲಿಪಿಯಲ್ಲಿ ಇರಬೇಕು. ವಿವರ ಯಾವ ಲಿಪಿಯಲ್ಲಾದರೂ ಇರಲಿ. ಒಬ್ಬರಿಗಿಂತ ಜಾಸ್ತಿ ಗಾಯಕರಿದ್ದರೆ ಅದೇ ಫೀಲ್ಡನ್ನು ಎರಡು ಸಲ ಬರೆದರಾಯಿತು.

ಐಫೋನ್‌ನಲ್ಲಿ ಕಾಣುವ ಎಂ4ಎ ಫೈಲುಗಳ ಟ್ಯಾಗ್ ಪದ್ಧತಿ ಬೇರೆ, ಅದೂ ಚೆನ್ನಾಗಿಯೇ ಇದೆ. ತೊಂದರೆ ಇರುವುದು ಸಾಮಾನ್ಯವಾಗಿ ಶಬ್ದವನ್ನು ಕುಗ್ಗಿಸದೆ ಇಡುವ ವೇವ್ ಫೈಲುಗಳಲ್ಲಿ. ಅಲ್ಲಿ ಟ್ಯಾಗ್ ಬರೆಯಲು ಒಂದಕ್ಕಿಂತ ಜಾಸ್ತಿ ದಾರಿ ಇದೆ, ಒಂದು ಪ್ಲೇಯರ್ ಬರೆದದ್ದನ್ನು ಇನ್ನೊಂದು ನೋಡುವುದೇ ಇಲ್ಲ. ನಿಮ್ಮ ಹತ್ತಿರ ವೇವ್ ಇದ್ದರೆ ಫ್ಲ್ಯಾಕ್‌ಗೆ ಬದಲಾಯಿಸಿ. ಶಬ್ದದಲ್ಲಿ ಒಂದು ಚೂರೂ ಕಳೆಯುವುದಿಲ್ಲ, ಜಾಗ ಉಳಿಯುತ್ತದೆ, ಟ್ಯಾಗ್ ನಿಲ್ಲುತ್ತದೆ.

ಈಗ ಪ್ಲೇಯರಿನ ಹೊಟ್ಟೆಯ ವಿಷಯ. ಯಾವುದೇ ದೊಡ್ಡ ಪ್ಲೇಯರ್ ನಿಮ್ಮ ಫೋಲ್ಡರುಗಳನ್ನೆಲ್ಲ ಓದಿ ತನ್ನದೇ ಒಂದು ಡೇಟಾಬೇಸ್ ಕಟ್ಟಿಕೊಳ್ಳುತ್ತದೆ. ಇಲ್ಲದಿದ್ದರೆ ಪ್ರತಿ ಸಲ ತೆರೆದಾಗಲೂ ಎಲ್ಲ ಫೈಲನ್ನೂ ಓದುತ್ತಾ ಕೂರಬೇಕು. ಡೇಟಾಬೇಸ್ ಇರುವುದು ತಪ್ಪಲ್ಲ. ಆದರೆ ಕೆಲವು ವಿವರಗಳು ಅದರಲ್ಲಿ ಮಾತ್ರ ಇರುತ್ತವೆ. ಐಟ್ಯೂನ್ಸ್‌ನಲ್ಲಿ ನೀವು ಕೊಟ್ಟ ಸ್ಟಾರ್‌ಗಳು, ಎಷ್ಟು ಸಲ ಕೇಳಿದಿರಿ ಎನ್ನುವ ಲೆಕ್ಕ, ಇವು ಲೈಬ್ರರಿಯಲ್ಲಿ ಉಳಿಯುತ್ತವೆ, ಹಾಡಿನ ಫೈಲಿಗೆ ಹೋಗುವುದಿಲ್ಲ. ಪ್ಲೇಯರ್ ಬದಲಾಯಿಸಿದ ದಿನ ಅವು ಅಲ್ಲೇ ಉಳಿದವು.

ಪ್ಲೇಯರ್ ಯಾಕೆ ಬದಲಾಗುತ್ತದೆ ಅಂತೀರಾ? 1997ರಲ್ಲಿ ಬಂದ ವಿನ್‌ಆ್ಯಂಪ್ ಒಂದು ಕಾಲಕ್ಕೆ ಎಲ್ಲ ಕಡೆ ಇತ್ತು. 2013ರಲ್ಲಿ ಅದನ್ನು ಮುಚ್ಚುತ್ತೇವೆ ಎಂದರು, ಆಮೇಲೆ ಬೇರೆಯವರಿಗೆ ಮಾರಿದರು. ಅದೇ ವರ್ಷ ಸಾಂಗ್‌ಬರ್ಡ್ ನಿಂತಿತು. 2001ರಲ್ಲಿ ಹುಟ್ಟಿದ ಐಟ್ಯೂನ್ಸ್ ಅನ್ನು 2019ರಲ್ಲಿ ಮ್ಯಾಕ್‌ನಲ್ಲಿ ತುಂಡು ತುಂಡಾಗಿ ಬೇರೆ ಆ್ಯಪ್‌ಗಳನ್ನಾಗಿ ಮಾಡಿದರು. ಗೂಗಲ್ ಪ್ಲೇ ಮ್ಯೂಸಿಕ್ 2020ರಲ್ಲಿ ಹೋಯಿತು. ಲಿನಕ್ಸ್ ಕಡೆ ಅಮರೋಕ್ ಎಂಬ ಪ್ಲೇಯರಿನ 1.4ನೇ ಆವೃತ್ತಿಯ ರೂಪ ಇಷ್ಟಪಟ್ಟವರು ಅದರಿಂದ ಕ್ಲೆಮೆಂಟೈನ್ ಮಾಡಿದರು, ಕ್ಲೆಮೆಂಟೈನ್‌ನಿಂದ ಸ್ಟ್ರಾಬೆರಿ ಬಂತು. ಇಷ್ಟೆಲ್ಲ ಬಂದು ಹೋಗುವಾಗ 1996ರಲ್ಲಿ ಫೈಲಿನ ಕೊನೆಗೆ ಅಂಟಿಸಿದ ಆ 128 ಬೈಟ್‌ಗಳನ್ನು ಇವತ್ತಿನ ಪ್ಲೇಯರೂ ಓದುತ್ತದೆ.

ಫೈಲಿನೊಳಗೆ ಸ್ಟಾರ್ ಬರೆಯುವ ಜಾಗ ಐಡಿ3ರಲ್ಲಿ ಇದೆ. 1ರಿಂದ 255ರ ತನಕ ಒಂದು ಸಂಖ್ಯೆ. ಐದು ಸ್ಟಾರ್‌ಗಳನ್ನು 255ಕ್ಕೆ ಹೇಗೆ ಹಂಚಬೇಕು ಅಂತ ಮಾತ್ರ ಯಾರೂ ಕಟ್ಟುನಿಟ್ಟಾಗಿ ಹೇಳಿಲ್ಲ. ಹಾಗಾಗಿ ಒಂದರಲ್ಲಿ ಮೂರು ಸ್ಟಾರ್ ಕೊಟ್ಟದ್ದು ಇನ್ನೊಂದರಲ್ಲಿ ಮೂರೂವರೆ ಆಗಬಹುದು. ಮ್ಯೂಸಿಕ್‌ಬೀ, ಮೀಡಿಯಾಮಂಕಿಯಂಥ ಪ್ಲೇಯರ್‌ಗಳಲ್ಲಿ ರೇಟಿಂಗ್ ಅನ್ನು ಫೈಲಿಗೂ ಬರೆಯುವ ಆಯ್ಕೆ ಇದೆ. ಅದನ್ನು ಆನ್ ಮಾಡಿ. ಅರ್ಧ ಸ್ಟಾರ್ ಹೆಚ್ಚು ಕಡಿಮೆ ಆದರೆ ಆಗಲಿ, ಪೂರ್ತಿ ಹೋಗುವುದಕ್ಕಿಂತ ವಾಸಿ, ಅಲ್ವಾ?

ನಿಮ್ಮ ವಿವರ ನಿಜವಾಗಿ ಎಲ್ಲಿದೆ ಅಂತ ತಿಳಿಯಲು ಸುಲಭದ ಪರೀಕ್ಷೆ ಇದೆ. ಒಂದು ಫೈಲನ್ನು ಬೇರೆ ಕಂಪ್ಯೂಟರಿಗೆ ನಕಲು ಮಾಡಿ, ಬೇರೆ ಪ್ಲೇಯರಿನಲ್ಲಿ ತೆರೆಯಿರಿ. ಏನು ಕಾಣುತ್ತದೋ ಅದು ನಿಮ್ಮದು.

ಫೀಲ್ಡುಗಳಿಗೆ ಬರೋಣ. ಹತ್ತಾರು ಇವೆ, ಎಲ್ಲ ತುಂಬಬೇಕಾಗಿಲ್ಲ. ಹಾಡು, ಕಲಾವಿದ, ಆಲ್ಬಮ್, ಟ್ರ್ಯಾಕ್ ಸಂಖ್ಯೆ ಎಲ್ಲರಿಗೂ ಗೊತ್ತು. ಎಲ್ಲಕ್ಕಿಂತ ಮುಖ್ಯವಾದದ್ದು, ಎಲ್ಲಕ್ಕಿಂತ ಜಾಸ್ತಿ ಜನ ಖಾಲಿ ಬಿಡುವುದು, ‘ಆಲ್ಬಮ್ ಕಲಾವಿದ’ ಎನ್ನುವ ಫೀಲ್ಡ್.

ಒಂದು ಆಲ್ಬಮಿನಲ್ಲಿ 12 ಹಾಡು, ಎಂಟು ಗಾಯಕರು ಎಂದುಕೊಳ್ಳಿ. ಕಲಾವಿದರ ಪ್ರಕಾರ ಜೋಡಿಸಿದರೆ ಪ್ಲೇಯರಿನಲ್ಲಿ ಒಂದೇ ಆಲ್ಬಮ್ ಎಂಟು ಚೂರಾಗಿ ಕಾಣುತ್ತದೆ. ಕವರ್ ಚಿತ್ರ ಎಂಟು ಸಲ. ಒಂದು ಚೂರಿನಲ್ಲಿ ಹಾಡು 3 ಮತ್ತು 7, ಇನ್ನೊಂದರಲ್ಲಿ ಬರೀ 5. ಸಿನಿಮಾ ಹಾಡುಗಳಿಗೆ ಇದು ಯಾವಾಗಲೂ ಇರುವ ಗೋಳು. ಆಲ್ಬಮ್ ಕಲಾವಿದ ಎಂಬ ಜಾಗದಲ್ಲಿ 12 ಹಾಡಿಗೂ ಒಂದೇ ಹೆಸರು ಹಾಕಿದರೆ ಆಲ್ಬಮ್ ಕೂಡಿಕೊಳ್ಳುತ್ತದೆ. ಸಿನಿಮಾ ಆಲ್ಬಮಿಗೆ ಸಂಗೀತ ನಿರ್ದೇಶಕರ ಹೆಸರು ಹಾಕುವುದು ನನಗೆ ಸರಿ ಕಾಣುತ್ತದೆ. ಎಲ್ಲೆಲ್ಲಿಂದಲೋ ಆಯ್ದ ಸಂಗ್ರಹಕ್ಕೆ ‘ಹಲವರು’ ಅಂತ ಹಾಕಿ. ಗಾಯಕರ ಹೆಸರು ಕಲಾವಿದ ಫೀಲ್ಡಿನಲ್ಲಿ ಹಾಗೇ ಇರಲಿ.

ಈ ಫೀಲ್ಡಿನ ಹುಟ್ಟೂ ವಿಚಿತ್ರ. ಐಡಿ3 ಮಾಡಿದವರು ಆ ಜಾಗವನ್ನು ವಾದ್ಯವೃಂದದ ಹೆಸರಿಗೆ ಇಟ್ಟಿದ್ದರು. ಆಲ್ಬಮ್ ಕಲಾವಿದ ಅಂತ ಬೇರೆ ಜಾಗ ಇರಲಿಲ್ಲ. ಪ್ಲೇಯರ್ ಮಾಡಿದವರು ಸುಮ್ನೆ ಅದನ್ನೇ ಬಳಸಿಕೊಂಡರು, ಅದೇ ರೂಢಿಯಾಯಿತು. ಫ್ಲ್ಯಾಕ್ ಫೈಲುಗಳಲ್ಲಿ ಇನ್ನೊಂದು ಕಿರಿಕಿರಿ. ಕೆಲವು ಸಾಫ್ಟ್‌ವೇರ್‌ಗಳು ಆ ಫೀಲ್ಡಿನ ಹೆಸರನ್ನು ಎರಡು ಪದ ಮಾಡಿ ನಡುವೆ ಜಾಗ ಬಿಡುತ್ತವೆ, ಕೆಲವು ಕೂಡಿಸಿ ಬರೆಯುತ್ತವೆ. ತುಂಬಿದ್ದೇನೆ, ಆದರೂ ಕಾಣುತ್ತಿಲ್ಲ ಅಂದರೆ ಇಲ್ಲಿ ನೋಡಿ.

ಒಂದೇ ಹಾಡಿಗೆ ಇಬ್ಬರು ಗಾಯಕರಿದ್ದರೆ? ಐಡಿ3 2.3ರ ಪ್ರಕಾರ ಹೆಸರುಗಳ ನಡುವೆ ಓರೆಗೆರೆ ಹಾಕಬೇಕು. ಆದರೆ ಎಸಿ/ಡಿಸಿ ಎಂಬ ತಂಡದ ಹೆಸರಿನಲ್ಲೇ ಓರೆಗೆರೆ ಇದೆ. ನಿಯಮ ಪಾಲಿಸುವ ಪ್ಲೇಯರ್ ಅದನ್ನು ಎಸಿ ಎಂಬ ಕಲಾವಿದ, ಡಿಸಿ ಎಂಬ ಇನ್ನೊಬ್ಬ ಕಲಾವಿದ ಅಂತ ಒಡೆಯುತ್ತದೆ. 2.4ರಲ್ಲಿ ಈ ನಿಯಮ ಬಿಟ್ಟರು. ಬಹಳ ಪ್ಲೇಯರ್‌ಗಳಲ್ಲಿ ಅರ್ಧವಿರಾಮ ಚಿಹ್ನೆ ಹಾಕಿ ಬರೆದರೆ ಅವೇ ಒಡೆದುಕೊಳ್ಳುತ್ತವೆ. ನಿಮ್ಮ ಪ್ಲೇಯರ್ ಯಾವುದನ್ನು ಒಪ್ಪುತ್ತದೆ ಅಂತ ಒಂದು ಫೈಲಿನಲ್ಲಿ ನೋಡಿ, ಆಮೇಲೆ ಎಲ್ಲದಕ್ಕೂ ಮಾಡಿ.

ವರ್ಷ. ಇದೂ ನೇರವಾಗಿಲ್ಲ. 1965ರಲ್ಲಿ ಹಾಡಿದ್ದು, 1998ರಲ್ಲಿ ಸಿಡಿಯಾಗಿ ಬಂತು. ಯಾವುದನ್ನು ಬರೆಯಬೇಕು? ಡೇಟಾಬೇಸಿನಿಂದ ತಾನಾಗೇ ಬರುವುದು ಸಾಮಾನ್ಯವಾಗಿ ಸಿಡಿಯ ವರ್ಷ. ಆಗ ಆ ಹಾಡು ತೊಂಬತ್ತರ ದಶಕದ ಪಟ್ಟಿಗೆ ಹೋಗಿ ಕೂರುತ್ತದೆ. ಮೂಲ ವರ್ಷಕ್ಕೆ ಬೇರೆ ಫೀಲ್ಡ್ ಇದೆ, ಆದರೆ ಎಲ್ಲ ಪ್ಲೇಯರೂ ಅದನ್ನು ತೋರಿಸುವುದಿಲ್ಲ. ನನ್ನ ಮಟ್ಟಿಗೆ ಕೇಳುಗರಿಗೆ ಬೇಕಾದದ್ದು ಮೂಲ ವರ್ಷ. ಅದನ್ನೇ ಮುಖ್ಯ ಫೀಲ್ಡಿನಲ್ಲಿ ಹಾಕಿ, ಸಿಡಿಯ ವರ್ಷ ಬೇಕಿದ್ದರೆ ಟಿಪ್ಪಣಿಯಲ್ಲಿ ಬರೆಯಿರಿ. ಸಂಗ್ರಹಕಾರರು ಇದನ್ನು ಒಪ್ಪುವುದಿಲ್ಲ, ಅವರಿಗೆ ಯಾವ ಮುದ್ರಣ ಎನ್ನುವುದೇ ಮುಖ್ಯ. ಒಪ್ಪಬೇಕಾಗೂ ಇಲ್ಲ.

ಸಂಗೀತದ ಬಗೆ, ಅಂದರೆ ಜಾನ್ರ್. ಇದರ ಬಗ್ಗೆ ಜಗಳವಾಡಿ ಸಮಯ ಕಳೆಯಬೇಡಿ. ಹತ್ತು ಹದಿನೈದು ಬಗೆ ಸಾಕು. ಇಂಟರ್ನೆಟ್ಟಿನಿಂದ ಬಂದದ್ದನ್ನು ಹಾಗೇ ಬಿಟ್ಟರೆ ನೂರಾರು ಬಗೆ ತುಂಬಿ, ಒಂದೊಂದರಲ್ಲಿ ಎರಡೆರಡು ಹಾಡು ಇರುತ್ತವೆ. ಅದರಿಂದ ಯಾವ ಉಪಯೋಗವೂ ಇಲ್ಲ. ಎರಡು ಮೂರು ಡಿಸ್ಕಿನ ಆಲ್ಬಮ್ ಆದರೆ ಡಿಸ್ಕ್ ಸಂಖ್ಯೆ ತುಂಬಿ, ಆಲ್ಬಮ್ ಹೆಸರಿಗೆ ‘ಡಿಸ್ಕ್ 2’ ಅಂತ ಬಾಲ ಸೇರಿಸಬೇಡಿ.

ಈಗ ನಮ್ಮ ಲಿಪಿಯ ವಿಷಯ. ಇದನ್ನು ಬೇರೆ ಭಾಷೆಯವರು ಬರೆದ ಸಲಹೆಗಳಲ್ಲಿ ನೀವು ಕಾಣುವುದಿಲ್ಲ.

ಮೊದಲನೆಯದು, ಅಕ್ಷರ ಕೆಡುವುದು. ಕನ್ನಡದಲ್ಲಿ ಬರೆದ ಟ್ಯಾಗನ್ನು ತೆರೆದರೆ, ಒಂದು ಅಕ್ಷರ ಇರಬೇಕಾದ ಕಡೆ ಮೂರು ಮೂರು ವಿಚಿತ್ರ ಚಿಹ್ನೆ ಕಾಣುತ್ತದೆ. ತಲೆ ಮೇಲೆ ಓರೆ ಗೀಟು ಇರುವ ರೋಮನ್ ‘ಎ’ ಮತ್ತೆ ಮತ್ತೆ ಬರುತ್ತದೆ. ಹೀಗೆ ಕಂಡರೆ ಗಾಬರಿ ಬೇಡ, ಅಳಿಸಲೂ ಬೇಡಿ. ಅದು ಯುಟಿಎಫ್-8ರಲ್ಲಿರುವ ಕನ್ನಡ. ಪ್ಲೇಯರ್ ಅದನ್ನು ಪಶ್ಚಿಮ ಯುರೋಪಿನ ಹಳೆಯ ಸಂಕೇತ ಎಂದುಕೊಂಡು ಓದುತ್ತಿದೆ. ಕನ್ನಡದ ಪ್ರತಿ ಸಂಕೇತವೂ ಯುಟಿಎಫ್-8ರಲ್ಲಿ ಒಂದೇ ಬೈಟಿನಿಂದ ಶುರುವಾಗುತ್ತದೆ, ಅದಕ್ಕೇ ಅದೇ ‘ಎ’ ಮರುಕಳಿಸುತ್ತದೆ. ಎಂಪಿ3ಟ್ಯಾಗ್‌ನಂಥ ಟ್ಯಾಗ್ ತಿದ್ದುವ ಸಾಫ್ಟ್‌ವೇರಿನಲ್ಲಿ ಸಂಕೇತ ಬದಲಾಯಿಸುವ ಆಯ್ಕೆ ಇದೆ. ಸಾಮಾನ್ಯವಾಗಿ ಅಕ್ಷರ ಹಾಗೇ ವಾಪಸ್ ಬರುತ್ತವೆ. ಎಲ್ಲ ಕಡೆ ಪ್ರಶ್ನಾರ್ಥಕ ಚಿಹ್ನೆ ಇದ್ದರೆ ಮಾತ್ರ ಆಸೆ ಬಿಡಿ. ಅಲ್ಲಿ ಅಕ್ಷರ ನಿಜವಾಗಿಯೇ ಹೋಗಿದೆ.

ಎರಡನೆಯದು ಇನ್ನೂ ಕಾಟದ್ದು. ‘ಕೋ’ ಎಂಬ ಅಕ್ಷರ ತೆಗೆದುಕೊಳ್ಳಿ. ಅದರ ಓಕಾರವನ್ನು ಯೂನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿ ಬರೆಯಬಹುದು. ಎತ್ವ, ಕೊಂಬು, ದೀರ್ಘ ಎಂದು ಮೂರು ಚಿಹ್ನೆಗಳಾಗಿ ಬಿಡಿಸಿಯೂ ಇಡಬಹುದು. ಕಣ್ಣಿಗೆ ಎರಡೂ ಒಂದೇ. ಕಂಪ್ಯೂಟರಿಗೆ ಎರಡು ಬೇರೆ ಹೆಸರು. ಮ್ಯಾಕ್‌ನ ಹಳೆಯ ಫೈಲ್ ವ್ಯವಸ್ಥೆ ಫೈಲಿನ ಹೆಸರುಗಳನ್ನು ಬಿಡಿಸಿದ ರೂಪದಲ್ಲೇ ಇಡುತ್ತಿತ್ತು. ಅಲ್ಲಿಂದ ಬಂದ ಹೆಸರನ್ನು ಟ್ಯಾಗ್ ಆಗಿ ಬದಲಾಯಿಸಿದರೆ ಒಬ್ಬರೇ ಗಾಯಕರು ಪಟ್ಟಿಯಲ್ಲಿ ಎರಡು ಸಲ ಕಾಣಬಹುದು. ಅಕ್ಷರ ಅಕ್ಷರ ಹೋಲಿಸಿ ನೋಡಿದರೂ ವ್ಯತ್ಯಾಸ ಸಿಗುವುದಿಲ್ಲ. ಅರ್ಧಾಕ್ಷರ ಸರಿಯಾಗಿ ಕಾಣಲೆಂದು ನಡುವೆ ಹಾಕುವ ಕಣ್ಣಿಗೆ ಕಾಣದ ಜೋಡಕಗಳದ್ದೂ ಇದೇ ಕಥೆ. ಪರಿಹಾರ ಏನಪ್ಪಾ ಅಂದರೆ, ಎರಡೂ ಕಡೆಯ ಹಾಡುಗಳನ್ನು ಆರಿಸಿ, ಆ ಹೆಸರನ್ನು ಹೊಸದಾಗಿ ಒಂದೇ ಸಲ ಟೈಪ್ ಮಾಡಿ ಎಲ್ಲಕ್ಕೂ ಹಾಕಿಬಿಡಿ.

ಮೂರನೆಯದು, ಕನ್ನಡದಲ್ಲಿ ಬರೆಯಬೇಕೋ ರೋಮನ್‌ನಲ್ಲೋ? ರೋಮನ್‌ನಲ್ಲಿ ಬರೆದರೆ ಒಂದೇ ಹೆಸರಿಗೆ ನಾಲ್ಕು ಕಾಗುಣಿತ ಬರುತ್ತದೆ. ಒಂದು ‘ಎ’ ಹಾಕುವವರು, ಎರಡು ‘ಎ’ ಹಾಕುವವರು, ಕೊನೆಗೆ ‘ಎಚ್’ ಸೇರಿಸುವವರು. ಕನ್ನಡದಲ್ಲಿ ಬರೆದರೆ ಈ ಗೊಂದಲ ಕಡಿಮೆ, ಆದರೆ ಹಳೆಯ ಕಾರ್ ಪ್ಲೇಯರ್‌ಗಳಲ್ಲಿ ಬರೀ ಚೌಕಗಳು ಕಾಣುತ್ತವೆ. ಎರಡೂ ಬೇಕೆಂದರೆ ದಾರಿ ಇದೆ. ಕಲಾವಿದ, ಆಲ್ಬಮ್, ಹಾಡು, ಪ್ರತಿಯೊಂದಕ್ಕೂ ‘ಸಾರ್ಟ್’ ಎಂಬ ಜೊತೆ ಫೀಲ್ಡ್ ಇದೆ. ಮುಖ್ಯ ಫೀಲ್ಡಿನಲ್ಲಿ ಕನ್ನಡ, ಸಾರ್ಟ್ ಫೀಲ್ಡಿನಲ್ಲಿ ರೋಮನ್. ಹುಡುಕಾಟದಲ್ಲಿ ಆ ಫೀಲ್ಡನ್ನೂ ಸೇರಿಸಿಕೊಳ್ಳುವ ಪ್ಲೇಯರ್ ಆದರೆ ಯಾವ ಲಿಪಿಯಲ್ಲಿ ಹುಡುಕಿದರೂ ಸಿಗುತ್ತದೆ.

ಫೋಲ್ಡರುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಟ್ಯಾಗ್ ಸರಿ ಇದ್ದರೆ ಫೋಲ್ಡರ್ ತಾನಾಗೇ ಬರುತ್ತದೆ. ಟ್ಯಾಗ್ ನೋಡಿ ಫೈಲಿಗೆ ಹೆಸರಿಟ್ಟು, ಫೋಲ್ಡರ್ ಮಾಡಿ, ಸಾಗಿಸುವ ಕೆಲಸವನ್ನು ಫೂಬಾರ್2000, ಮ್ಯೂಸಿಕ್‌ಬೀ, ಪಿಕಾರ್ಡ್ ಎಲ್ಲವೂ ಮಾಡುತ್ತವೆ. ಕಮಾಂಡ್ ಬರೆಯುವ ಅಭ್ಯಾಸ ಇದ್ದರೆ ಬೀಟ್ಸ್ ಎಂಬ ಸಾಫ್ಟ್‌ವೇರ್ ಇದೆ. ಆಲ್ಬಮ್ ಕಲಾವಿದರ ಹೆಸರಿನ ಫೋಲ್ಡರ್, ಅದರೊಳಗೆ ವರ್ಷ ಮತ್ತು ಆಲ್ಬಮ್, ಅದರೊಳಗೆ ಟ್ರ್ಯಾಕ್ ಸಂಖ್ಯೆ ಮತ್ತು ಹಾಡು. ಇಷ್ಟು ಸಾಕು. ಸಂಖ್ಯೆಯನ್ನು 01, 02 ಅಂತ ಎರಡಂಕಿಯಲ್ಲೇ ಇಡಿ, ಇಲ್ಲದಿದ್ದರೆ ಕೆಲವು ಉಪಕರಣಗಳಲ್ಲಿ 1 ಆದ ಮೇಲೆ 10 ಬರುತ್ತದೆ. ವಿಂಡೋಸ್‌ನಲ್ಲಿ ಫೈಲಿನ ಹೆಸರಿಗೆ ಒಂಬತ್ತು ಚಿಹ್ನೆ ನಿಷಿದ್ಧ: \ / : * ? " < > |. ಟ್ಯಾಗಿನೊಳಗೆ ಇವೆಲ್ಲ ಇರಬಹುದು. ಹಾಗಾಗಿ ಫೈಲಿನ ಹೆಸರನ್ನು ಒಂದು ವಿಳಾಸ ಅಂತ ಮಾತ್ರ ತಿಳಿಯಿರಿ. ಹಾಡಿನ ನಿಜವಾದ ಹೆಸರು ಟ್ಯಾಗಿನಲ್ಲಿರುವುದು. ಲಿನಕ್ಸ್‌ನಲ್ಲಿ ಒಂದು ಹೆಸರು 255 ಬೈಟ್ ಮೀರುವಂತಿಲ್ಲ, ಕನ್ನಡಕ್ಕೆ ಅದು 85 ಸಂಕೇತ. ಉದ್ದ ಶೀರ್ಷಿಕೆಗಳಲ್ಲಿ ಇದೂ ತಾಗುತ್ತದೆ.

ತಾನಾಗೇ ಟ್ಯಾಗ್ ಹಾಕುವ ಸಾಫ್ಟ್‌ವೇರ್‌ಗಳ ಬಗ್ಗೆ ಎಚ್ಚರಿಕೆ ಹೇಳಲೇಬೇಕು. ಮ್ಯೂಸಿಕ್‌ಬ್ರೇನ್ಜ್ ಪಿಕಾರ್ಡ್ ನನ್ನ ಮೆಚ್ಚಿನದು. ಅದು ಫೈಲಿನ ಹೆಸರು, ಟ್ಯಾಗ್ ಏನನ್ನೂ ನಂಬದೆ ಶಬ್ದವನ್ನೇ ಕೇಳಿ ಗುರುತು ಹಿಡಿಯಬಲ್ಲದು. ಹಾಡಿನ ಮೊದಲ ಎರಡು ನಿಮಿಷದಿಂದ ಒಂದು ಬೆರಳಚ್ಚು ತೆಗೆದು ಅಕೌಸ್ಟ್‌ಐಡಿ ಎಂಬ ಡೇಟಾಬೇಸಿನಲ್ಲಿ ಹುಡುಕುತ್ತದೆ. ‘ಟ್ರ್ಯಾಕ್ 01’ಕ್ಕೆ ಹೆಸರು ಬರುವುದು ನೋಡಿದರೆ ಖುಷಿಯಾಗುತ್ತದೆ. ಆದರೆ ಬೆರಳಚ್ಚು ಹೇಳುವುದು ಇದು ಯಾವ ಧ್ವನಿಮುದ್ರಣ ಅಂತ. ಯಾವ ಆಲ್ಬಮಿನಿಂದ ನೀವು ತೆಗೆದಿರಿ ಅಂತ ಅದಕ್ಕೆ ಗೊತ್ತಿಲ್ಲ. ಜನಪ್ರಿಯ ಹಾಡು ಮೂಲ ಆಲ್ಬಮಿನಲ್ಲೂ ಇರುತ್ತದೆ, ಇಪ್ಪತ್ತು ಸಂಗ್ರಹಗಳಲ್ಲೂ ಇರುತ್ತದೆ. ಎಲ್ಲ ಆರಿಸಿ ಸೇವ್ ಒತ್ತಿದರೆ ಒಂದೇ ಆಲ್ಬಮಿನ ಹಾಡುಗಳು ಐದು ಸಂಗ್ರಹಗಳಿಗೆ ಚೆದುರಿ ಹೋಗುತ್ತವೆ. ಆಲ್ಬಮ್ ಆಲ್ಬಮ್ ಆಗಿಯೇ ಮಾಡಿ. ಮೊದಲು ಗುಂಪು ಮಾಡಿ ಹುಡುಕಿ, ಸಿಗದಿದ್ದಾಗ ಮಾತ್ರ ಬೆರಳಚ್ಚು. ನೀವು ಕೈಯಾರೆ ಕನ್ನಡದಲ್ಲಿ ಬರೆದ ಟ್ಯಾಗ್‌ಗಳಿದ್ದರೆ ಅವುಗಳ ಮೇಲೆ ಇದು ರೋಮನ್ ಬರೆದುಬಿಡಬಹುದು. ಯಾವ ಫೀಲ್ಡ್ ಮುಟ್ಟಬಾರದು ಅಂತ ಸೆಟ್ಟಿಂಗ್ಸ್‌ನಲ್ಲಿ ಹೇಳಿಡಿ.

ಕೈಯಾರೆ ತಿದ್ದಲು ಎಂಪಿ3ಟ್ಯಾಗ್, ಕಿಡ್3 ಒಳ್ಳೆಯವು. ಹೆಸರು ಎಂಪಿ3ಟ್ಯಾಗ್ ಅಂತಿದ್ದರೂ ಫ್ಲ್ಯಾಕ್, ಎಂ4ಎ ಕೂಡ ತಿದ್ದುತ್ತದೆ. ಫೈಲಿನ ಹೆಸರು ಸರಿಯಾಗಿದ್ದು ಟ್ಯಾಗ್ ಖಾಲಿ ಇದ್ದರೆ ಹೆಸರಿನಿಂದಲೇ ಟ್ಯಾಗ್ ತುಂಬಿಸಬಹುದು. ಏನೇ ಮಾಡಿ, ಒಂದೇ ಏಟಿಗೆ ಸಾವಿರ ಫೈಲ್ ಬದಲಾಯಿಸುವ ಮುಂಚೆ ಇನ್ನೊಂದು ಹಾರ್ಡ್ ಡಿಸ್ಕಿನಲ್ಲಿ ಪ್ರತಿ ಇರಲಿ.

ಅಂದ ಹಾಗೆ, ಸಣ್ಣ ತಿದ್ದುಪಡಿ ಕ್ಷಣದಲ್ಲಿ ಆಗುತ್ತದೆ, ದೊಡ್ಡ ಚಿತ್ರ ಸೇರಿಸಿದರೆ ಸಮಯ ಹಿಡಿಯುತ್ತದೆ. ಗಮನಿಸಿದ್ದೀರಾ? ಟ್ಯಾಗ್ ಫೈಲಿನ ಮೊದಲಲ್ಲಿ ಇರುವುದರಿಂದ ಅದರ ಪಕ್ಕ ಸ್ವಲ್ಪ ಖಾಲಿ ಜಾಗ ಬಿಟ್ಟಿರುತ್ತಾರೆ. ಹೊಸ ವಿವರ ಅಷ್ಟರಲ್ಲಿ ಹಿಡಿಸಿದರೆ ಅಲ್ಲೇ ಬರೆದು ಮುಗಿಯಿತು. ಹಿಡಿಸದಿದ್ದರೆ ಇಡೀ ಫೈಲನ್ನು ಹೊಸದಾಗಿ ಬರೆಯಬೇಕು. ಆ ಹೊತ್ತಿನಲ್ಲಿ ಡಿಸ್ಕ್ ಕಿತ್ತರೆ ಫೈಲ್ ಕೆಡಬಹುದು. ಫ್ಲ್ಯಾಕ್‌ನಲ್ಲಿ ಒಂದು ಅನುಕೂಲ ಇದೆ. ಮೂಲ ಶಬ್ದದಿಂದ ಲೆಕ್ಕ ಹಾಕಿದ ಎಂಡಿ5 ಎಂಬ ತಾಳೆ ಸಂಖ್ಯೆ ಫೈಲಿನೊಳಗೇ ಇರುತ್ತದೆ, ಕೆಟ್ಟಿದೆಯೋ ಇಲ್ಲವೋ ಯಾವಾಗ ಬೇಕಾದರೂ ಪರೀಕ್ಷಿಸಬಹುದು.

ಚಿತ್ರದ ಮಾತು ಬಂತು. 600ರಿಂದ 1000 ಪಿಕ್ಸೆಲ್ ಅಗಲದ ಜೆಪೆಗ್ ಸಾಕು. ಪ್ರತಿ ಹಾಡಿನೊಳಗೂ 3 ಎಂಬಿ ಚಿತ್ರ ಹಾಕಿದರೆ 12 ಹಾಡಿನ ಆಲ್ಬಮಿಗೆ 36 ಎಂಬಿ ಸುಮ್ನೆ ದಂಡ. ದೊಡ್ಡ ಚಿತ್ರ ಬೇಕೇ ಬೇಕೆಂದರೆ ಫೋಲ್ಡರಿನಲ್ಲಿ ಬೇರೆ ಇಡಿ.

ಧ್ವನಿ ಮಟ್ಟ. ಒಂದು ಹಾಡು ಮೆಲ್ಲಗೆ, ಮುಂದಿನದು ಕಿವಿ ಹರಿಯುವ ಹಾಗೆ. 2001ರಲ್ಲಿ ಡೇವಿಡ್ ರಾಬಿನ್ಸನ್ ಸೂಚಿಸಿದ ರೀಪ್ಲೇಗೇನ್ ಇದಕ್ಕೆ ಉತ್ತರ. ಹಾಡನ್ನು ಅಳೆದು, ಎಷ್ಟು ಡೆಸಿಬೆಲ್ ಏರಿಸಬೇಕು ಅಥವಾ ಇಳಿಸಬೇಕು ಅಂತ ಟ್ಯಾಗಿನಲ್ಲಿ ಬರೆಯುತ್ತದೆ. ಶಬ್ದವನ್ನು ಮುಟ್ಟುವುದಿಲ್ಲ. ನುಡಿಸುವಾಗ ಪ್ಲೇಯರ್ ಆ ಸಂಖ್ಯೆ ನೋಡಿ ಹೊಂದಿಸಿಕೊಳ್ಳುತ್ತದೆ. ಹಾಡಿಗೆ ಒಂದು, ಆಲ್ಬಮಿಗೆ ಒಂದು ಸಂಖ್ಯೆ ಇರುತ್ತದೆ. ಆಲ್ಬಮ್ ಪೂರ್ತಿ ಕೇಳುವಾಗ ಆಲ್ಬಮಿನದ್ದೇ ಬಳಸಿ, ಇಲ್ಲದಿದ್ದರೆ ಕಲಾವಿದರು ಬೇಕೆಂದೇ ಮೆಲ್ಲಗೆ ಇಟ್ಟ ಆಲಾಪವೂ ಜೋರಾಗುತ್ತದೆ.

ಕೊನೆಗೆ ಸಭೆಯಿಂದ ಬಂದ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಸೇರಿಸುತ್ತೇನೆ.

‘ಎಲ್ಲ ಹಾಡೂ ಆನ್‌ಲೈನ್‌ನಲ್ಲಿ ಸಿಗುವಾಗ ಇಷ್ಟೆಲ್ಲ ಯಾಕೆ ಸರ್?’ ಎಂದು ಒಬ್ಬರು ಕೇಳಿದರು. ಎಲ್ಲವೂ ಸಿಗುವುದಿಲ್ಲ, ಸಿಕ್ಕಿದ್ದೂ ಅಲ್ಲೇ ಇರುತ್ತದೆ ಎನ್ನುವ ಖಾತ್ರಿ ಇಲ್ಲ. ಹಕ್ಕಿನ ಒಪ್ಪಂದ ಮುಗಿದರೆ ಹಾಡು ಪಟ್ಟಿಯಿಂದ ಮಾಯ. ಅದಕ್ಕಿಂತ ಮುಖ್ಯವಾಗಿ, ಮನೆಯಲ್ಲಿ ಅಜ್ಜಿ ಹಾಡಿದ್ದು, ಸಂಗೀತ ಕಚೇರಿಯಲ್ಲಿ ನೀವೇ ರೆಕಾರ್ಡ್ ಮಾಡಿದ್ದು, ಹಳೆಯ ಕ್ಯಾಸೆಟ್ಟಿನಿಂದ ಇಳಿಸಿದ್ದು, ಇವು ಯಾವ ಡೇಟಾಬೇಸಿನಲ್ಲೂ ಇಲ್ಲ. ಬೆರಳಚ್ಚು ತೆಗೆದರೆ ಏನೂ ಸಿಗುವುದಿಲ್ಲ. ಯಾರು, ಯಾವಾಗ, ಎಲ್ಲಿ ಅಂತ ನೀವು ಇವತ್ತು ಬರೆಯದಿದ್ದರೆ ಆಮೇಲೆ ಬರೆಯುವವರು ಯಾರೂ ಇರುವುದಿಲ್ಲ. ಟ್ಯಾಗ್ ಮಾಡಲು ಶುರು ಮಾಡುವುದಿದ್ದರೆ ಇವುಗಳಿಂದಲೇ ಶುರು ಮಾಡಿ.

‘ನನ್ನ ಪ್ಲೇಲಿಸ್ಟ್‌ಗಳು ಫೋಲ್ಡರ್ ಬದಲಾಯಿಸಿದ ಕೂಡಲೇ ಖಾಲಿಯಾದವು’ ಎಂದು ಇನ್ನೊಬ್ಬರು. ಎಂ3ಯು ಪ್ಲೇಲಿಸ್ಟ್ ಅಂದರೆ ಫೈಲುಗಳ ವಿಳಾಸ ಬರೆದ ಒಂದು ಸರಳ ಪಟ್ಟಿ. ಫೈಲ್ ಜಾಗ ಬಿಟ್ಟರೆ ವಿಳಾಸ ಸುಳ್ಳಾಗುತ್ತದೆ. ಮೊದಲು ಫೋಲ್ಡರ್ ಕೆಲಸ ಮುಗಿಸಿ, ಆಮೇಲೆ ಪ್ಲೇಲಿಸ್ಟ್ ಮಾಡಿ. ಸೇವ್ ಮಾಡುವಾಗ ಪೂರ್ತಿ ವಿಳಾಸದ ಬದಲು ಸಾಪೇಕ್ಷ ವಿಳಾಸ (ಪ್ಲೇಲಿಸ್ಟ್ ಇರುವ ಫೋಲ್ಡರಿನಿಂದ ಹೇಳುವ ವಿಳಾಸ) ಆರಿಸಿ, ಕನ್ನಡ ಹೆಸರುಗಳಿದ್ದರೆ ಎಂ3ಯು8 ಆರಿಸಿ. ಅದು ಯುಟಿಎಫ್-8. ಇದಕ್ಕಿಂತ ಒಳ್ಳೆಯದು ತಾನಾಗೇ ತುಂಬುವ ಪ್ಲೇಲಿಸ್ಟ್. ‘ಇಂಥ ಸಂಯೋಜಕರು, 1970ಕ್ಕಿಂತ ಮುಂಚೆ, ನಾಲ್ಕು ಸ್ಟಾರ್ ಮೇಲೆ’ ಎಂದು ನಿಯಮ ಬರೆದಿಟ್ಟರೆ, ಫೈಲ್ ಎಲ್ಲಿಗೆ ಹೋದರೂ ಟ್ಯಾಗ್ ನೋಡಿ ಪ್ಲೇಯರ್ ಹುಡುಕಿಕೊಳ್ಳುತ್ತದೆ.

‘ಫೋನಿಗೆ ಹಾಕಿಕೊಳ್ಳುವುದು ಹೇಗೆ? ಫ್ಲ್ಯಾಕ್ ಬಹಳ ಜಾಗ ತಿನ್ನುತ್ತದೆ.’ ಇದು ಕೊನೆಯ ಪ್ರಶ್ನೆ. ಕಂಪ್ಯೂಟರಿನಲ್ಲಿರುವ ಫ್ಲ್ಯಾಕ್ ಅನ್ನು ಮೂಲ ಎಂದಿಟ್ಟುಕೊಂಡು, ಅದರಿಂದ ಓಪಸ್ ಅಥವಾ ಎಂಪಿ3 ಪ್ರತಿ ತೆಗೆದು ಫೋನಿಗೆ ಹಾಕಿ. ಫೂಬಾರ್2000, ಮ್ಯೂಸಿಕ್‌ಬೀ ಎರಡೂ ಬದಲಾಯಿಸುವಾಗ ಟ್ಯಾಗನ್ನೂ ಜೊತೆಗೆ ಒಯ್ಯುತ್ತವೆ. ಇರುವುದೇ ಎಂಪಿ3 ಆದರೆ ಅದನ್ನು ಮತ್ತೆ ಓಪಸ್ ಮಾಡಬೇಡಿ, ಒಮ್ಮೆ ಕಳೆದುಕೊಂಡ ಶಬ್ದ ಇನ್ನಷ್ಟು ಕಳೆಯುತ್ತದೆ. ಹಾಗೇ ನಕಲು ಮಾಡಿ. ಫೋನಿನಲ್ಲಿ ಕೇಳುವಾಗ ಹೆಸರು ತಪ್ಪು ಕಂಡರೆ ಅಲ್ಲೇ ತಿದ್ದಬೇಡಿ. ಎಲ್ಲಾದರೂ ಗುರುತು ಹಾಕಿಕೊಂಡು ಬಂದು ಕಂಪ್ಯೂಟರಿನ ಫೈಲಿನಲ್ಲಿ ತಿದ್ದಿ, ಆ ಆಲ್ಬಮಿನ ಪ್ರತಿಯನ್ನು ಮತ್ತೊಮ್ಮೆ ಕಳಿಸಿ.